ನಡೆಯುವವರ ಪಾಲಿನ ಹಣ

ನಮ್ಮ ಹೆಚ್ಚಿನ ಊರುಗಳಲ್ಲಿ ಫುಟ್‌ಪಾತ್ ಇರುವುದು ಚರಂಡಿಯ ಮೇಲೆ. ರಸ್ತೆ ಬದಿಯ ಮಳೆನೀರು ಚರಂಡಿಗೆ ಕಲ್ಲುಚಪ್ಪಡಿಯನ್ನೋ ಕಾಂಕ್ರೀಟ್ ಸ್ಲ್ಯಾಬನ್ನೋ ಹೊದಿಸಿ, ಅದನ್ನೇ ಜನ ನಡೆಯುವ ಜಾಗ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಆ ಜಾಗ ಎಷ್ಟು ಅಗಲ ಎಂಬುದನ್ನು ಚರಂಡಿ ತೀರ್ಮಾನಿಸುತ್ತದೆ, ಎಷ್ಟು ಎತ್ತರ ಎಂಬುದನ್ನು ನೀರಿನ ಓಟ ತೀರ್ಮಾನಿಸುತ್ತದೆ. ಹೂಳೆತ್ತುವವರು ಬಂದು ಚಪ್ಪಡಿ ಎಬ್ಬಿಸಿ, ಕೆಸರನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗುತ್ತಾರೆ. ಚಪ್ಪಡಿಯನ್ನು ಮತ್ತೆ ಸರಿಯಾಗಿ ಕೂರಿಸುವುದು ಅವರ ಗುತ್ತಿಗೆಯಲ್ಲಿ ಬರೆದಿದ್ದರೆ ಆಯಿತು, ಇಲ್ಲದಿದ್ದರೆ ಮಳೆಗಾಲ ಮುಗಿಯುವವರೆಗೂ ಅದು ಬಾಯಿ ತೆರೆದುಕೊಂಡೇ ಇರುತ್ತದೆ. ಅಲ್ಲಿಗೆ ಬಂದವರು ರಸ್ತೆಗಿಳಿಯುತ್ತಾರೆ. ಹಿಂದಿನಿಂದ ಬರುವ ಬಸ್ಸಿಗೂ ಅವರ ಭುಜಕ್ಕೂ ನಡುವೆ ಒಂದು ಮೊಳ ಜಾಗ.

ಇದನ್ನು ಅಧಿಕಾರಿಗಳ ಬೇಜವಾಬ್ದಾರಿ ಎಂದು ಬೈದು ಮುಂದೆ ಹೋಗುವುದು ಸುಲಭ. ಬೈಗುಳಕ್ಕೆ ಕಾರಣವೂ ಇದೆ. ಆದರೆ ಪ್ರಾಮಾಣಿಕ ಎಂಜಿನಿಯರೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿದರೂ ಫಲಿತಾಂಶ ಹೆಚ್ಚು ಬದಲಾಗದು ಎಂದು ನನಗನ್ನಿಸುತ್ತದೆ. ಅವರ ಮುಂದಿರುವ ಅಂದಾಜುಪಟ್ಟಿಯಲ್ಲಿ ಚರಂಡಿಗೆ ಹಣವಿದೆ, ಡಾಂಬರಿಗೆ ಹಣವಿದೆ, ರಸ್ತೆ ವಿಭಜಕಕ್ಕೆ, ಬೀದಿದೀಪಕ್ಕೆ ಹಣವಿದೆ. ನಡೆಯುವವರಿಗೆಂದು ಹಣ ಬರುವುದು ಇವೆಲ್ಲ ಮುಗಿದು ಏನಾದರೂ ಉಳಿದರೆ. ಜಾಗದ ಹಂಚಿಕೆಯೂ ಹಾಗೆಯೇ: ಮೊದಲು ವಾಹನದ ಪಥಗಳನ್ನು ನಡುವಿನಿಂದ ಅಳೆದು ಬರುತ್ತಾರೆ, ಅಂಚಿನಲ್ಲಿ ಉಳಿದದ್ದು ಕಾಲಿಗೆ. ಉಳಿಕೆಯ ಹಣದಲ್ಲಿ ಉಳಿಕೆಯ ಜಾಗಕ್ಕೆ ಮಾಡಿದ ಕೆಲಸ ಉಳಿಕೆಯ ಹಾಗೆಯೇ ಇರುತ್ತದೆ. ನಡಿಗೆಗೂ ಸೈಕಲ್ಲಿಗೂ ಬಜೆಟ್ಟಿನಲ್ಲಿ ಅವುಗಳದೇ ಆದ ಲೆಕ್ಕಶೀರ್ಷಿಕೆ, ಅವುಗಳದೇ ಆದ ನಿರ್ವಹಣಾ ಹಣ, ಅದಕ್ಕೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇರಬೇಕು. ಈ ಮೂರು ಇಲ್ಲದೆ ಉಳಿದ ಯಾವ ಸುಧಾರಣೆಯೂ ಊರಿಡೀ ಹರಡುವುದಿಲ್ಲ. ಈ ಲೇಖನ ವಾದಿಸುವುದು ಇಷ್ಟನ್ನೇ.

ನೀತಿಗಳ ಕೊರತೆಯಂತೂ ನಮಗಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳನ್ನಲ್ಲ, ಜನರನ್ನು ನೋಡಬೇಕು ಎಂದು ಸ್ಪಷ್ಟವಾಗಿಯೇ ಹೇಳಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದಲ್ಲೂ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಬೇಕು, ಅಂಗಡಿ ಬೀದಿಗಳಲ್ಲಿ ಅದಕ್ಕಿಂತ ಹೆಚ್ಚು. ಎತ್ತರ 150 ಮಿಲಿಮೀಟರ್ ಮೀರಬಾರದು. ಆ 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿಗಳು ಎದುರುಬದುರಾದರೆ ಪರಸ್ಪರ ದಾಟಿ ಹೋಗಲು ಬೇಕಾದ ಅಗಲ. 2019ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ರಸ್ತೆ ಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಸುಸ್ಥಿತಿಯಲ್ಲಿರುವ ರಸ್ತೆ ಮತ್ತು ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ್ ಓಕಾ. ಅವರೇ ಇದ್ದ ಸುಪ್ರೀಂ ಕೋರ್ಟ್ ಪೀಠ 2025ರ ಮೇ ತಿಂಗಳಲ್ಲಿ, ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಎಸ್. ರಾಜಶೇಖರನ್ ಹೂಡಿದ್ದ ಪ್ರಕರಣದಲ್ಲಿ, ಅದೇ ಮಾತನ್ನು ಇಡೀ ದೇಶಕ್ಕೆ ಅನ್ವಯಿಸಿತು. ಅಂಗವಿಕಲರೂ ಬಳಸಬಹುದಾದ ಫುಟ್‌ಪಾತಿಗೆ ನಿಯಮ ಮಾಡಿ ಎಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಮುರಿದ ಮೂಳೆಗಳನ್ನು ಜೋಡಿಸುತ್ತಾ ಬಂದ ವೈದ್ಯರೊಬ್ಬರು ಆ ಮೂಳೆಗಳು ಮುರಿಯುವ ಜಾಗವನ್ನು ಹುಡುಕಿಕೊಂಡು ನ್ಯಾಯಾಲಯಕ್ಕೆ ಹೋದದ್ದು ಗೌರವಿಸಬೇಕಾದ ಸಂಗತಿ.

ಹಕ್ಕು ಇದೆ ಎಂದು ನ್ಯಾಯಾಲಯ ಹೇಳಬಹುದು. ಆ ಹಕ್ಕಿಗೆ ಬೇಕಾದ ದುಡ್ಡು ಯಾವ ಖಾತೆಯಿಂದ ಬರಬೇಕು ಎಂದು ಹೇಳಬೇಕಾದದ್ದು ಬಜೆಟ್.

ಒಡೆತನ ಯಾರದೆಂದು ಗೊತ್ತಿಲ್ಲದ ಜಾಗದಲ್ಲಿ ಏನಾಗುತ್ತದೆ ಎಂಬುದಕ್ಕೆ 2023ರ ನವೆಂಬರ್ 19ರ ಬೆಳಗಿನ ಜಾವ ಸಾಕ್ಷಿ. ಬೆಂಗಳೂರಿನ ಕಾಡುಗೋಡಿ ಬಳಿ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ಬಸ್ಸಿಳಿದು ಮನೆಗೆ ನಡೆದು ಹೊರಟಿದ್ದ ತಾಯಿಯೊಬ್ಬರು ಫುಟ್‌ಪಾತಿನ ಮೇಲೆ ತುಂಡಾಗಿ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತೀರಿಕೊಂಡರು. ಅವರ ಕಂಕುಳಲ್ಲಿದ್ದ ಒಂಬತ್ತು ತಿಂಗಳ ಹಸುಗೂಸೂ ಉಳಿಯಲಿಲ್ಲ. ಕೆಲವು ಅಧಿಕಾರಿಗಳ ಅಮಾನತು ನಡೆಯಿತು, ತನಿಖೆ ನಡೆಯಿತು. ಅಂಥ ಜಾಗದ ಮೇಲೆ ಯಾರ ಯಾರ ಹಕ್ಕು ಇರುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ನೆಲ ಪಾಲಿಕೆಯದು, ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದು, ಕೆಳಗಿನ ಕೊಳವೆ ಜಲಮಂಡಳಿಯದು, ನೇತಾಡುವ ಕೇಬಲ್ ಖಾಸಗಿ ಕಂಪನಿಗಳದು, ಸಿಗ್ನಲ್ ಪೆಟ್ಟಿಗೆ ಪೊಲೀಸರದು. ಇಷ್ಟೊಂದು ಒಡೆಯರಿರುವ ಜಾಗವನ್ನು ದಿನಕ್ಕೊಮ್ಮೆ ನಡೆದು ನೋಡುವ ಕೆಲಸಕ್ಕೆ ಯಾರಿಗೂ ಸಂಬಳವಿಲ್ಲ. ಡಾಂಬರು ಕಿತ್ತುಹೋದರೆ ಯಾರನ್ನು ಕೇಳಬೇಕೆಂಬುದು ನಮಗೆ ಗೊತ್ತು. ಫುಟ್‌ಪಾತಿನ ವಿಷಯದಲ್ಲಿ ದೂರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ.

ಈ ನಡೆಯುವವರು ಎಂದರೆ ಯಾರು? 2011ರ ಜನಗಣತಿ ಮೊದಲ ಬಾರಿಗೆ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ಕೇಳಿತು. ಕೃಷಿ ಮತ್ತು ಮನೆಯ ಉದ್ಯಮ ಬಿಟ್ಟು ಉಳಿದ ದುಡಿಮೆಗಾರರಲ್ಲಿ ಸುಮಾರು ಶೇ 23 ಜನ ನಡೆದು ಹೋಗುತ್ತಿದ್ದರು, ಶೇ 13 ಜನ ಸೈಕಲ್ ತುಳಿಯುತ್ತಿದ್ದರು. ಕಾರು, ಜೀಪು, ವ್ಯಾನುಗಳಲ್ಲಿ ಹೋಗುತ್ತಿದ್ದವರು ಶೇ 3ಕ್ಕಿಂತ ಕಡಿಮೆ. ಅಲ್ಲಿಂದೀಚೆಗೆ ಬೈಕುಗಳು ಬಹಳ ಹೆಚ್ಚಿವೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಆದರೂ ಮನೆಗೆಲಸಕ್ಕೆ ಹೋಗುವ ಹೆಂಗಸರು, ಗಾರ್ಮೆಂಟ್ ಕಾರ್ಖಾನೆಯ ಗೇಟಿನತ್ತ ಬೆಳಗ್ಗೆ ಸಾಲಾಗಿ ನಡೆಯುವ ಹುಡುಗಿಯರು, ಪೌರಕಾರ್ಮಿಕರು, ಶಾಲೆಯ ಮಕ್ಕಳು, ಪಿಂಚಣಿ ತರಲು ಬ್ಯಾಂಕಿಗೆ ಹೊರಟ ಹಿರಿಯರು ಇವತ್ತಿಗೂ ಕಾಲಿನ ಮೇಲೆಯೇ ಇದ್ದಾರೆ. ಬಸ್ಸು ಹತ್ತುವವರೆಲ್ಲ ಮೊದಲು ನಡೆಯುವವರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು. ಸರ್ಕಾರ ಆ ಟಿಕೆಟ್ಟಿನ ಹಣ ಕೊಡುತ್ತಿರುವುದು ಒಳ್ಳೆಯ ಕೆಲಸ, ಅದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಮನೆಯಿಂದ ನಿಲ್ದಾಣಕ್ಕೆ ಹೋಗುವ ಐದಾರು ನೂರು ಮೀಟರ್ ಕತ್ತಲ ದಾರಿಗೆ ಆ ಯೋಜನೆಯ ಒಂದು ರೂಪಾಯಿಯೂ ತಲುಪುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಬಸ್ಸಿನೊಳಗಿನದಕ್ಕಿಂತ ಹೆಚ್ಚು ಭಯ ಆ ದಾರಿಯಲ್ಲೇ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು; ದಿನಕ್ಕೆ ಸುಮಾರು ತೊಂಬತ್ತು ಜೀವ. ಬೆಂಗಳೂರಿನಲ್ಲಂತೂ ರಸ್ತೆಯಲ್ಲಿ ಸಾಯುವವರಲ್ಲಿ ಮೂರನೇ ಒಂದರಷ್ಟು ಜನ ನಡೆಯುತ್ತಿದ್ದವರೇ. ಚಪ್ಪಡಿ ಜಾರಿ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡು ಆರು ತಿಂಗಳು ಹಾಸಿಗೆ ಹಿಡಿದವರು ಈ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅವರಿಗೆ ಯಾವ ವಾಹನವೂ ಗುದ್ದಿಲ್ಲ. ಫುಟ್‌ಪಾತಿಗೆ ಹೆದರಿ ಮನೆಯಲ್ಲೇ ಉಳಿದುಬಿಟ್ಟ ಹಿರಿಯರೂ ಬರುವುದಿಲ್ಲ. ಹಣಕಾಸಿನ ಭಾಷೆಯಲ್ಲೇ ಹೇಳುವುದಾದರೆ ಫುಟ್‌ಪಾತಿಗೆ ಖರ್ಚು ಮಾಡದೆ ಉಳಿಸಿದ ಹಣವನ್ನು ಬಡಕುಟುಂಬಗಳು ಆಸ್ಪತ್ರೆಯ ಬಿಲ್ಲಿನಲ್ಲಿ ಕಟ್ಟುತ್ತಿವೆ.

ಊರಿನ ಆಚೆಯೂ ಇದೇ ಸ್ಥಿತಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್‌ನ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಮಂಡ್ಯ ಪ್ರದೇಶಗಳ ನಡುವೆ ಹಾಯುತ್ತದೆ. ಹೆದ್ದಾರಿಯ ಈಚೆ ಮನೆ, ಆಚೆ ಗದ್ದೆ ಇರುವ ರೈತರು ಅಲ್ಲಿ ಎಷ್ಟೋ ಜನ. ಮೊದಲ ಕೆಲವು ತಿಂಗಳಲ್ಲೇ ಸಾವುಗಳ ಸಂಖ್ಯೆ ಗಾಬರಿ ಹುಟ್ಟಿಸಿತು. ಆ ವರ್ಷದ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಜನ ದಾಟಲು ಇನ್ನಷ್ಟು ಮೇಲ್ಸೇತುವೆಗಳು ಬೇಕೆಂಬ ಮಾತಿಗೆ ಬೆಲೆ ಬಂದದ್ದು ಸಾವುಗಳು ಸುದ್ದಿಯಾದ ಮೇಲೆಯೇ. ಹಳ್ಳಿಯನ್ನು ಸೀಳಿಕೊಂಡು ಹೋಗುವ ರಸ್ತೆಗೆ ದಾಟುದಾರಿ ಎನ್ನುವುದು ಅದರ ಅಂಗವೇ ಆಗಿರಬೇಕಿತ್ತು. ದಾಟುದಾರಿಯಿಲ್ಲದ ರಸ್ತೆ ಪೂರ್ತಿಯಾದ ರಸ್ತೆಯಲ್ಲ, ಅದರ ಬಿಲ್ಲನ್ನು ಪಾಸು ಮಾಡಬಾರದು ಎಂಬ ನಿಯಮ ಬಂದರೆ ಪೊಲೀಸ್ ಗಸ್ತಿಗಿಂತ ಹೆಚ್ಚು ಜೀವ ಉಳಿದೀತು.

ಇಷ್ಟು ಹೇಳಿದ ತಕ್ಷಣ ಎದುರಾಗುವ ಮಾತು: ಹಣ ಎಲ್ಲಿದೆ? ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಸುರಂಗ ರಸ್ತೆ ಕೊರೆಯುವ ಯೋಜನೆಗೆ 17 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಅಂದಾಜು ಹಾಕಲಾಗಿದೆ. ಅದರ ಉದ್ದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರಿನ ಮುಖ್ಯ ಹಾಗೂ ಉಪಮುಖ್ಯ ರಸ್ತೆಗಳ ಒಟ್ಟು ಉದ್ದ ಸುಮಾರು 1,400 ಕಿಲೋಮೀಟರ್. ಎರಡೂ ಬದಿಗೆ ಅಗಲವಾದ ಫುಟ್‌ಪಾತ್, ಅದರಡಿ ಕೇಬಲ್ಲು ಕೊಳವೆಗಳಿಗೆ ನಾಳ, ದಾಟುದಾರಿ, ದೀಪ, ಮರ ಎಲ್ಲ ಸೇರಿಸಿ ಕಿಲೋಮೀಟರಿಗೆ ಹತ್ತು ಕೋಟಿ ಎಂದು ಧಾರಾಳವಾಗಿಯೇ ಹಿಡಿಯೋಣ. ಸುರಂಗದ ಹಣದಲ್ಲಿ ಊರಿನ ಅಷ್ಟೂ ಮುಖ್ಯ ರಸ್ತೆಗಳನ್ನು ಮುಗಿಸಿ ಇನ್ನೂ ಮುನ್ನೂರು ಕಿಲೋಮೀಟರ್ ಮಾಡಬಹುದು. ಸುರಂಗದ ಪರ ಇರುವವರು ಅದಕ್ಕೆ ಸಾಲ, ಖಾಸಗಿ ಬಂಡವಾಳ, ಟೋಲು ಇದೆ ಎನ್ನುತ್ತಾರೆ. ನಿಜ, ಟೋಲು ಹುಟ್ಟುವ ಯೋಜನೆಗೆ ಸಾಲ ಕೊಡುವವರು ಸಿಗುತ್ತಾರೆ. ಫುಟ್‌ಪಾತಿಗೆ ಟೋಲು ಹಾಕಲಾಗದು, ಹಾಕಲೂ ಬಾರದು. ಅದಕ್ಕೇ ಅದು ಸಾರ್ವಜನಿಕ ಹಣದ ಮೊದಲ ಹಕ್ಕುದಾರ ಆಗಬೇಕು. ಮಾರುಕಟ್ಟೆ ತಾನಾಗಿ ಕಟ್ಟಿಕೊಡದ, ಎಲ್ಲರಿಗೂ ಬೇಕಾದ ವಸ್ತುವಿಗೆ ತೆರಿಗೆಯ ಹಣ ಮೊದಲು ಹೋಗಬೇಕೆಂಬುದು ಅರ್ಥಶಾಸ್ತ್ರದ ಹಳೆಯ ಪಾಠ.

ಲೆಕ್ಕದಲ್ಲಿ ಕಾಣದ ಇನ್ನೊಂದು ಖರ್ಚಿದೆ. ನಿಂತ ಕಾರೊಂದಕ್ಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ನಮ್ಮ ಬಹುತೇಕ ರಸ್ತೆಗಳಲ್ಲಿ ಹನ್ನೆರಡೂವರೆ ಚದರ ಮೀಟರ್‌ನ ಈ ಸರ್ಕಾರಿ ಜಾಗ ದಿನವಿಡೀ ಬಿಟ್ಟಿ. ಅದೇ ರಸ್ತೆಯಲ್ಲಿ ಒಂದು ಬುಟ್ಟಿಯಷ್ಟು ಜಾಗದಲ್ಲಿ ಹೂವು ಮಾರುವಾಕೆ ದಿನವೂ ಎಬ್ಬಿಸುವವರಿಗೆ ಹೆದರಿ ಕೂರಬೇಕು. ನಗರ ಭೂಸಾರಿಗೆ ನಿರ್ದೇಶನಾಲಯ ಬೆಂಗಳೂರಿಗೆ ಪಾರ್ಕಿಂಗ್ ನೀತಿಯನ್ನು ಸಿದ್ಧಪಡಿಸಿ, ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟು ವರ್ಷಗಳಾದವು. ನಿಲುಗಡೆ ಶುಲ್ಕವನ್ನು ಆಯಾ ವಾರ್ಡಿನ ಫುಟ್‌ಪಾತ್ ನಿರ್ವಹಣೆಗೇ ಮೀಸಲಿಟ್ಟರೆ ಕಾರಿನವರೂ ಅಷ್ಟು ಮುನಿಸಿಕೊಳ್ಳಲಾರರು. ತಾವು ಕೊಟ್ಟ ಹಣ ತಮ್ಮದೇ ಬೀದಿಯಲ್ಲಿ ಕಾಣುತ್ತದೆ.

ಮಾಡಿ ತೋರಿಸಿದ ಉದಾಹರಣೆ ನಮ್ಮಲ್ಲಿಲ್ಲವೇ? ಇದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ನಡೆದ ಕೆಲಸವನ್ನು ನೋಡಬಹುದು. ಕೇಬಲ್ಲು, ಕೊಳವೆಗಳನ್ನು ಫುಟ್‌ಪಾತಿನಡಿಯ ನಾಳಗಳಿಗೆ ಇಳಿಸಿ, ವಾಹನದ ಪಥ ಎಲ್ಲ ಕಡೆಯೂ ಒಂದೇ ಅಗಲವಿರುವಂತೆ ಬಿಗಿ ಮಾಡಿ, ಉಳಿದ ಜಾಗವನ್ನೆಲ್ಲ ನಡಿಗೆಗೆ ಕೊಟ್ಟರು. ಕಾಮಗಾರಿ ನಡೆಯುವಾಗ ರಸ್ತೆ ಕಿರಿದಾಯಿತು, ಊರು ಸ್ತಬ್ಧವಾದೀತು ಎಂಬ ಕೂಗೆದ್ದಿತ್ತು. ಊರು ಸ್ತಬ್ಧವಾಗಲಿಲ್ಲ. ಆ ರಸ್ತೆಗಳಲ್ಲಿ ಇಂದು ಹಿರಿಯರೊಬ್ಬರು ಕೋಲೂರಿಕೊಂಡು ನೆಲ ನೋಡದೆ ನಡೆಯಬಹುದು. ದುಬಾರಿಯಾಯಿತು ಎಂಬ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಕಾಟನ್‌ಪೇಟೆಗೂ ಯಶವಂತಪುರಕ್ಕೂ ಹೊಳಪುಗಲ್ಲು ಬೇಕಿಲ್ಲ. ಆದರೆ ಈ ಯೋಜನೆಯ ಬಗ್ಗೆ ನನ್ನ ತಕರಾರು ಬೇರೆ. ಮೊದಲು ಆಯ್ಕೆಯಾದದ್ದು ನಗರದ ಅತ್ಯಂತ ಸಿರಿವಂತ ಬೀದಿಗಳು. ವಿಶೇಷ ಅನುದಾನದಿಂದ ವಿಶೇಷ ರಸ್ತೆಗಳು ಹುಟ್ಟಿದವು. ಸಾಮಾನ್ಯ ರಸ್ತೆ ಕಾಮಗಾರಿಯ ಅಂದಾಜುಪಟ್ಟಿ ಹಾಗೆಯೇ ಉಳಿಯಿತು.

ಸೈಕಲ್ಲಿನ ಮಾತು ಇನ್ನೂ ಕಷ್ಟದ್ದು. ಬೆಂಗಳೂರಿನ ಜಯನಗರದಲ್ಲಿ ಒಂದು ದಶಕದ ಹಿಂದೆ ಸೈಕಲ್ ಪಥ ಗುರುತಿಸಿದರು, ಅದರ ಮೇಲೆ ಕಾರು ನಿಂತವು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿದರು, ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಕೊನೆಗೆ ಪಥವೇ ಇಲ್ಲವಾಯಿತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು. ಸೈಕಲ್ಲು ಬಂತೇ ಹೊರತು ಅದು ಓಡಾಡಲು ಊರಿಡೀ ಸುರಕ್ಷಿತ ಪಥ ಬರಲಿಲ್ಲ. ಇವನ್ನೆಲ್ಲ ತೋರಿಸಿ ‘ನೋಡಿ, ನಮ್ಮ ಜನಕ್ಕೆ ಸೈಕಲ್ ಬೇಡ’ ಎನ್ನುವವರಿದ್ದಾರೆ.

ಇದಕ್ಕೆ ಹಾಲೆಂಡಿನ ಅನುಭವವನ್ನು ಎದುರಿಗಿಡಬೇಕು. ಅಲ್ಲಿನವರು ಹುಟ್ಟಿನಿಂದ ಸೈಕಲ್ ಪ್ರಿಯರು ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಎರಡನೇ ಮಹಾಯುದ್ಧದ ನಂತರ ಅವರೂ ಕಾರಿನ ಹಿಂದೆ ಹೋದರು. 1971ರಲ್ಲಿ ಆ ಪುಟ್ಟ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲಿ ತಂದೆತಾಯಿಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅವರಿಗೆ ಬಲ ಕೊಟ್ಟಿತು. ಆಮೇಲೆ ಕೇಂದ್ರ ಸರ್ಕಾರ ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಒಂದೊಂದು ಮಾದರಿ ಸೈಕಲ್ ದಾರಿಗೆ ಹಣ ಕೊಟ್ಟಿತು. ದಾರಿ ಚೆನ್ನಾಗಿತ್ತು, ಅದರ ಮೇಲೆ ಜನವೂ ಬಂದರು, ಆದರೆ ಊರಿನಲ್ಲಿ ಒಟ್ಟಾರೆ ಸೈಕಲ್ ಸವಾರರು ನಿರೀಕ್ಷಿಸಿದಷ್ಟು ಹೆಚ್ಚಲಿಲ್ಲ. ಆ ಪಾಠ ಕಲಿತು ಡೆಲ್ಫ್ಟ್ ಎಂಬ ಊರಿನಲ್ಲಿ ಒಂದು ದಾರಿಯ ಬದಲು ಇಡೀ ಜಾಲವನ್ನೇ ಕಟ್ಟಿದರು: ಮನೆಯ ಬೀದಿಯಿಂದ ಬಡಾವಣೆಯ ದಾರಿಗೆ, ಅಲ್ಲಿಂದ ಊರಿನ ದಾರಿಗೆ. ಅಲ್ಲಿ ಸವಾರಿ ಹೆಚ್ಚಿತು. ಅಂದರೆ ಜಯನಗರದಲ್ಲಿ ನಾವು ಕಂಡದ್ದನ್ನು ಅವರು ಐವತ್ತು ವರ್ಷದ ಹಿಂದೆಯೇ ಕಂಡಿದ್ದರು. ಅರ್ಧ ನದಿಗೆ ಕಟ್ಟಿದ ಸೇತುವೆಯ ಮೇಲೆ ಯಾರೂ ಓಡಾಡಲಿಲ್ಲವೆಂದು ಸೇತುವೆಯೇ ಬೇಡ ಎನ್ನುವ ತೀರ್ಮಾನಕ್ಕೆ ಅವರು ಬರಲಿಲ್ಲ.

ಬೆಂಗಳೂರಿನ ಮಟ್ಟಿಗೆ ಮಾತ್ರ ನಾನು ಫುಟ್‌ಪಾತನ್ನೇ ಮೊದಲಿಡುತ್ತೇನೆ. ಸೈಕಲ್ ಹಿಡಿದವರಿಗಿಂತ ನಡೆಯುವವರು ಅಲ್ಲಿ ಎಷ್ಟೋ ಪಟ್ಟು ಹೆಚ್ಚು, ಸಾಯುವವರೂ ಅವರೇ ಹೆಚ್ಚು. ಸೈಕಲ್ ಪಥ ಹಾಕುವುದಾದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸುತ್ತ ಹಾಕಿ. ವ್ಯಾಯಾಮಕ್ಕಲ್ಲ, ಪಾಳಿಗೆ ತುಳಿಯುವವರಿದ್ದಾರೆ. ದಾವಣಗೆರೆ, ರಾಯಚೂರು, ಮಂಡ್ಯ, ಗದಗದಂಥ ಊರುಗಳಲ್ಲಿ ಲೆಕ್ಕ ಬೇರೆಯಾಗುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯಲ್ಲಿ ಸೈಕಲ್ಲಿನಲ್ಲಿ ಹೋಗಬಹುದಾದ, ನೆಲವೂ ಬಹುಪಾಲು ಸಮತಟ್ಟಾದ ಊರುಗಳವು. ಅಲ್ಲಿ ಈಗಲೇ ಹಣ ಹಾಕಿದರೆ ಬೆಂಗಳೂರು ಮಾಡಿಕೊಂಡ ಗಂಟನ್ನು ಅವು ಬಿಡಿಸುತ್ತ ಕೂರಬೇಕಾಗಿಲ್ಲ.

ಫುಟ್‌ಪಾತಿನ ಮಾತೆತ್ತಿದಾಗಲೆಲ್ಲ ನನ್ನನ್ನು ಹೆಚ್ಚು ಕಾಡುವ ಆತಂಕ ಬೀದಿ ವ್ಯಾಪಾರಿಗಳದು. ಪಾದಚಾರಿಗಳ ಹಕ್ಕಿನ ಹೆಸರಿನಲ್ಲಿ ನಡೆಯುವ ಮೊದಲ ಕೆಲಸ ಸಾಮಾನ್ಯವಾಗಿ ಗಾಡಿಗಳನ್ನು ಎತ್ತಂಗಡಿ ಮಾಡುವುದು. ತರಕಾರಿ ಗಾಡಿ ಹೋದ ಜಾಗಕ್ಕೆ ಮರುದಿನ ಬೈಕುಗಳು ಬಂದು ನಿಲ್ಲುತ್ತವೆ, ಅವನ್ನು ಯಾರೂ ಎಬ್ಬಿಸುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಸಮೀಕ್ಷೆ ಮುಗಿಯುವ ಮುನ್ನ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ವ್ಯಾಪಾರಿಗಳ ಪ್ರತಿನಿಧಿಗಳು ಶೇ 40ಕ್ಕೆ ಕಡಿಮೆಯಿಲ್ಲದಂತೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು ಎನ್ನುತ್ತದೆ. ನಡೆಯುವವರೂ ಮಾರುವವರೂ ಹೆಚ್ಚಾಗಿ ಒಂದೇ ವರ್ಗದ ಜನ, ಪರಸ್ಪರ ಗಿರಾಕಿಗಳು. ರಾತ್ರಿ ಒಂಬತ್ತಕ್ಕೆ ಎಳನೀರಿನವರೋ ಇಡ್ಲಿ ಗಾಡಿಯವರೋ ದೀಪ ಹಚ್ಚಿಕೊಂಡು ನಿಂತಿರುವ ಬೀದಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಆದ್ದರಿಂದ ಫುಟ್‌ಪಾತಿಗೆ ಹಣ ಕೊಡುವಾಗಲೇ ಅದರ ನಕ್ಷೆಯಲ್ಲಿ ಗಾಡಿಗಳಿಗೆ ಜಾಗ ಗುರುತಿಸಿರಬೇಕು: 1.8 ಮೀಟರ್ ನಡಿಗೆಗೆ ಬಿಟ್ಟು, ರಸ್ತೆಯ ಕಡೆಯ ಅಂಚಿನಲ್ಲಿ ಮರ, ಕಂಬ, ಗಾಡಿಗಳ ಪಟ್ಟಿ. ಅದಕ್ಕೆ ಬೇಕಾದ ಒಂದೂವರೆ ಮೀಟರ್ ಎಲ್ಲಿಂದ ಬರಬೇಕು ಎಂದರೆ, ಬಿಟ್ಟಿ ಪಾರ್ಕಿಂಗಿನಿಂದ.

ಅಂಗಡಿಯವರು ಇದನ್ನು ವಿರೋಧಿಸುತ್ತಾರೆ. ಎದುರು ಕಾರು ನಿಲ್ಲದಿದ್ದರೆ ವ್ಯಾಪಾರ ಬಿದ್ದುಹೋಗುತ್ತದೆಂಬ ಭಯ. ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ಅಗಲವಾದ ಪಾದಚಾರಿ ಮಾರ್ಗ ತೆರೆಯಿತು. ಆ ಬೀದಿ ಇವತ್ತಿಗೂ ಜವಳಿ ಕೊಳ್ಳುವವರಿಂದ ತುಂಬಿ ತುಳುಕುತ್ತದೆ.

ಇನ್ನೊಂದು ಅನುಮಾನ ಓದುಗರ ಮನಸ್ಸಿನಲ್ಲಿ ಎದ್ದೇ ಇರುತ್ತದೆ, ಅದು ನ್ಯಾಯವಾದದ್ದೂ ಹೌದು. ಹೊಸ ಲೆಕ್ಕಶೀರ್ಷಿಕೆ ತೆರೆದರೆ ಅದೂ ಗುತ್ತಿಗೆದಾರರ ಪಾಲಾಗುವುದಿಲ್ಲವೇ? ಚೆನ್ನಾಗಿದ್ದ ಟೈಲ್ಸ್ ಕಿತ್ತು ಅದೇ ಜಾಗದಲ್ಲಿ ಹೊಸ ಟೈಲ್ಸ್ ಹಾಕಿದ್ದನ್ನು ನಾವೆಲ್ಲ ಕಂಡಿದ್ದೇವೆ. ಚದರ ಮೀಟರಿಗಿಷ್ಟು ಎಂದು ಬಿಲ್ಲು ಬರೆಯುವವರೆಗೆ ಇದು ನಿಲ್ಲುವುದಿಲ್ಲ. ಬಿಲ್ಲು ಆಗಬೇಕಾದದ್ದು ಹಾಸಿದ ಕಲ್ಲಿನ ಅಳತೆಗಲ್ಲ, ಕಡಿಯದೆ ಸಾಗುವ ದಾರಿಗೆ. ಇಂಥ ಬಸ್ ನಿಲ್ದಾಣದಿಂದ ಇಂಥ ಆಸ್ಪತ್ರೆಯವರೆಗೆ ಗಾಲಿಕುರ್ಚಿಯೊಂದು ರಸ್ತೆಗಿಳಿಯದೆ ಹೋಗಲು ಸಾಧ್ಯವೇ? ಸಾಧ್ಯವಿದ್ದರೆ ಹಣ ಬಿಡುಗಡೆ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತಿದ್ದರೆ ಅದನ್ನು ಸರಿಸುವವರೆಗೆ ಇಲ್ಲ. ಗಾಲಿಕುರ್ಚಿ ಬಳಸುವವರೊಬ್ಬರು, ವಾರ್ಡ್ ಸಮಿತಿಯ ಇಬ್ಬರು, ಎಂಜಿನಿಯರ್ ಒಬ್ಬರು ಜೊತೆಯಾಗಿ ನಡೆದು ಸಹಿ ಹಾಕಿದರೆ ಅದಕ್ಕಿಂತ ದೊಡ್ಡ ಲೆಕ್ಕಪರಿಶೋಧನೆ ಬೇಕಿಲ್ಲ. ಕಟ್ಟಿದವರೇ ಐದು ವರ್ಷ ನೋಡಿಕೊಳ್ಳಬೇಕೆಂಬ ಷರತ್ತು ಇರಬೇಕು. ಮೀಸಲು ಹಣದಲ್ಲಿ ಮೂರನೇ ಒಂದು ಭಾಗವನ್ನಾದರೂ ನಿರ್ವಹಣೆಗೆಂದೇ ಎತ್ತಿಡಬೇಕು. ಕಟ್ಟಿದ್ದು ಹಾಳಾದ ಮೇಲೆ ಮತ್ತೆ ಕಟ್ಟುವುದೇ ನಮ್ಮ ಅತಿ ದೊಡ್ಡ ದುಂದು.

ಎಷ್ಟು ಹಣ ಮೀಸಲಿಡಬೇಕೆಂಬುದಕ್ಕೆ ಮಾದರಿಗಳಿವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2016ರಲ್ಲಿ, ಸಾರಿಗೆಗೆ ಇಡುವ ಹಣದಲ್ಲಿ ಕನಿಷ್ಠ ಶೇ 20 ನಡಿಗೆ ಮತ್ತು ಸೈಕಲ್ಲಿಗೆ ಹೋಗಲಿ ಎಂದು ದೇಶಗಳಿಗೆ ಹೇಳಿತು. ಐರ್ಲೆಂಡಿನ ಸಮ್ಮಿಶ್ರ ಸರ್ಕಾರ 2020ರಲ್ಲಿ ಅದನ್ನು ತನ್ನ ಕಾರ್ಯಸೂಚಿಯಲ್ಲೇ ಬರೆದುಕೊಂಡಿತು: ಸಾರಿಗೆಯ ಬಂಡವಾಳ ವೆಚ್ಚದ ಐದನೇ ಒಂದು ಪಾಲು, ವರ್ಷಕ್ಕೆ 36 ಕೋಟಿ ಯೂರೊ. ಚೆನ್ನೈ ಪಾಲಿಕೆ 2014ರಲ್ಲೇ, ದೇಶದಲ್ಲಿ ಮೊದಲಿಗೆ, ತನ್ನ ಸಾರಿಗೆ ಬಜೆಟ್ಟಿನ ಶೇ 60 ನಡಿಗೆ ಮತ್ತು ಸೈಕಲ್ಲಿಗೆ ಎಂಬ ನೀತಿಯನ್ನು ಅಂಗೀಕರಿಸಿತು. ನೀತಿ ಹೇಳಿದ್ದೆಲ್ಲ ಅಲ್ಲಿ ನಡೆದಿದೆ ಎಂದೇನೂ ನಾನು ಹೇಳುವುದಿಲ್ಲ. ಆದರೆ ಕಾಗದದ ಮೇಲೆ ಒಂದು ಸಂಖ್ಯೆ ಇದ್ದರೆ ಯಾಕೆ ಆಗಲಿಲ್ಲ ಎಂದು ವರ್ಷ ವರ್ಷ ಕೇಳಲು ಒಂದು ಆಧಾರ ಸಿಗುತ್ತದೆ. ನಮ್ಮಲ್ಲಿ ಕೇಳಲು ಸಂಖ್ಯೆಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಒಂದು ಪ್ರಾಧಿಕಾರದಡಿ ಐದು ನಗರಪಾಲಿಕೆಗಳಾಗಿ ಹಂಚಿಹೋಯಿತು. ಹೊಸ ಪಾಲಿಕೆಗಳ ಬಜೆಟ್ ಪುಸ್ತಕದ ರೂಪವೂ ಹೊಸದಾಗಿಯೇ ಸಿದ್ಧವಾಗಬೇಕು. ಹಳೆಯ ಲೆಕ್ಕಶೀರ್ಷಿಕೆಗಳು ಅಚ್ಚಾಗಿ ಗಟ್ಟಿಯಾಗುವ ಮುನ್ನ ಐದೂ ಪಾಲಿಕೆಗಳಲ್ಲಿ ರಸ್ತೆಯ ಹಣದ ಐದನೇ ಒಂದು ಪಾಲಿಗೆ ಪ್ರತ್ಯೇಕ ಸಾಲು ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬೇಗ ಸಿಗಲಾರದು.

ಆ ಹಣದ ಮೊದಲ ರೂಪಾಯಿ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ನನ್ನ ಉತ್ತರ: ಸರ್ಕಾರಿ ಪ್ರೌಢಶಾಲೆಯ ಗೇಟಿಗೆ. ಕರ್ನಾಟಕ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಅದೇ ಹೊತ್ತಿಗೆ ಬಿಹಾರ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಾಗ ಏನಾಯಿತು ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅಳೆದರು. ಪ್ರೌಢಶಾಲೆ ಸೇರುವ ಹುಡುಗಿಯರು ಶೇ 30ಕ್ಕೂ ಮಿಕ್ಕಿ ಹೆಚ್ಚಿದ್ದರು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಶಾಲೆ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಇನ್ನೂ ದೊಡ್ಡದು. ನಮ್ಮಲ್ಲಿ ಕೋವಿಡ್ ಬಂದ ವರ್ಷ ಈ ಯೋಜನೆ ನಿಂತಿತು. ಅದು ಮತ್ತೆ ಶುರುವಾಗಬೇಕು, ಈ ಸಲ ದಾರಿಯ ಸಮೇತ. ಪ್ರತಿ ಶಾಲೆಯ ಸುತ್ತ ಐನೂರು ಮೀಟರ್‌ವರೆಗೆ ವೇಗ ಗಂಟೆಗೆ 30 ಕಿಲೋಮೀಟರ್ ಮೀರದಂತೆ ರಸ್ತೆಯನ್ನೇ ಬಿಗಿ ಮಾಡಬೇಕು. ಆ ವೇಗದಲ್ಲಿ ವಾಹನ ಬಡಿದರೂ ಬಹುತೇಕ ಮಕ್ಕಳು ಬದುಕುತ್ತಾರೆ. ಗೇಟಿನೆದುರು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ ದಾಟುದಾರಿ, ಹೆದ್ದಾರಿ ಪಕ್ಕದ ಶಾಲೆಯಾದರೆ ಬೇಲಿ ಹಾಕಿದ ಸೈಕಲ್ ಪಥ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಭೂಸ್ವಾಧೀನವೂ ಬಹುಪಾಲು ಬೇಕಿಲ್ಲ. ಊರಿನ ಗಾರೆಯವರು, ತಾಲ್ಲೂಕಿನ ಎಂಜಿನಿಯರ್ ಸೇರಿ ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸ. ಶಿಕ್ಷಣ ಇಲಾಖೆಯ ಬಳಿ ಶಾಲೆಗಳ ಪಟ್ಟಿಯಂತೂ ಸಿದ್ಧವಾಗಿಯೇ ಇದೆ.